ಸಿಂದಗಿಯಲ್ಲಿಲ್ಲದ ಸಿಂದಗಿ ಶ್ರೀಶೈಲಪ್ಪ

ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, "ಪಂಪ್ ರಿಪೇರಿ ಶ್ರೀಶೈಲಪ್ಪ ಎಲ್ಲಿರ್ತಾನ?" ಎಂದು ಯಾರನ್ನು ಕೇಳಿದರೂ ಸರಿ, ಕೈ ಮಾಡಿ ತೋರಿಸುತ್ತಿದ್ದರು. ಬಾಳೆಹಣ್ಣು ಮಾರುವವರಿಗೆ ಗೊತ್ತು, ಟಂಟಂ ಆಟೋ ಓಡಿಸುವವರಿಗೆ ಗೊತ್ತು, ಚಹಾದಂಗಡಿಯವರಿಗಂತೂ ಅವನ ಚಹಾಕ್ಕೆ ಎಷ್ಟು ಸಕ್ಕರೆ ಬೇಕೆಂಬುದೂ ಗೊತ್ತು. ಗೊತ್ತಿರದೆ ಏನು? ದ್ರಾಕ್ಷಿ, ಲಿಂಬೆ, ದಾಳಿಂಬೆ ಬೆಳೆಯುವ ಈ ಸೀಮೆಯಲ್ಲಿ ಔಷಧ ಹೊಡೆಯುವ ಪಂಪು ಕೆಟ್ಟರೆ ರೈತ ಮೊದಲು ದೇವರನ್ನು ನೆನೆಯುತ್ತಿದ್ದ, ಆಮೇಲೆ ಶ್ರೀಶೈಲಪ್ಪನನ್ನು. ಈ ಕ್ರಮವನ್ನು ಹಿಂದುಮುಂದು ಮಾಡಿದವರೂ ಇದ್ದರು.

ಪಂಪನ್ನು ತಂದು ಅಂಗಡಿಯ ಮುಂದಿಟ್ಟು ಒಮ್ಮೆ ಚಾಲೂ ಮಾಡಿದರೆ ಸಾಕು. ಶ್ರೀಶೈಲಪ್ಪ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದ. "ನಡುವಿನ ವಾಶರ್ ಹರದೈತಿ ನೋಡ್ರಿ," ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ನಡುವಿನ ವಾಶರೇ ಹರಿದಿರುತ್ತಿತ್ತು. ಅಂಥ ಕಿವಿ, ಅಂಥ ಕೈ ಈ ನಾಲ್ಕು ತಾಲೂಕಿನಲ್ಲಿ ಮತ್ತೊಬ್ಬರಿಗಿರಲಿಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇವೆ.

ಒಂದೇ ಒಂದು ತೊಡಕಿತ್ತು. ಅದು ಅವನ ಅಡ್ಡಹೆಸರಿನದು.

ನಮ್ಮ ಕಡೆಯ ಅಡ್ಡಹೆಸರುಗಳ ಸಂಗತಿ ನಿಮಗೆ ಗೊತ್ತೇ ಇದೆ. ಹಿರಿಯರು ಯಾವ ಊರು ಬಿಟ್ಟು ಬಂದರೋ ಆ ಊರೇ ಮೊಮ್ಮಕ್ಕಳ ಹೆಸರಿಗೆ ಅಂಟಿಕೊಳ್ಳುತ್ತದೆ. ಮುದ್ದೇಬಿಹಾಳದಲ್ಲಿ ಬಾಗೇವಾಡಿ ಮಾಸ್ತರರು ಇರುತ್ತಾರೆ, ಬಸವನ ಬಾಗೇವಾಡಿಯಲ್ಲಿ ಮುದ್ದೇಬಿಹಾಳ ಡಾಕ್ಟರು ಇರುತ್ತಾರೆ. ಶ್ರೀಶೈಲಪ್ಪನ ಮುತ್ತಜ್ಜ ಸಿಂದಗಿಯಿಂದ ಬಂದು ಇಂಡಿಯಲ್ಲಿ ನೆಲೆಸಿದವನು. ಹಾಗಾಗಿ ಇವನು ಇಂಡಿಯಲ್ಲೇ ಹುಟ್ಟಿ ಇಂಡಿಯಲ್ಲೇ ಬೆಳೆದರೂ ಸಿಂದಗಿ ಶ್ರೀಶೈಲಪ್ಪ. ಅಂಗಡಿಯ ಬೋರ್ಡಿನ ಮೇಲೆ 'ಸಿಂದಗಿ ಸ್ಪ್ರೇ ಪಂಪ್ ರಿಪೇರಿ' ಎಂದು ಮೊಳದುದ್ದದ ಅಕ್ಷರ. ಅದರ ಕೆಳಗೆ ಊರಿನ ಹೆಸರಿರಲಿಲ್ಲ.

ಪಕ್ಕದ ಮಳಿಗೆಯಲ್ಲಿ ರಾಜೇಶ್ವರಿ ಎಂಬ ಹುಡುಗಿ ಫೋನ್ ಬೂತ್ ನಡೆಸುತ್ತಿದ್ದಳು. ಬಿ.ಕಾಂ. ಮುಗಿಸಿ, ಸಂಘದಿಂದ ಸಾಲ ತೆಗೆದು ಒಂದು ಕಂಪ್ಯೂಟರನ್ನೂ ಇಟ್ಟು ಅದಕ್ಕೆ ಇಂಟರ್ನೆಟ್ ಹಾಕಿಸಿದ್ದಳು. ಆಗ ಎರಡು ಸಾವಿರದ ಎಂಟನೇ ಇಸವಿ. ಇಂಡಿಯಲ್ಲಿ ಇಂಟರ್ನೆಟ್ ಎಂದರೆ ಪರೀಕ್ಷೆಯ ಫಲಿತಾಂಶ ನೋಡುವ ಯಂತ್ರ ಎಂದೇ ಬಹಳ ಜನ ತಿಳಿದಿದ್ದರು. ರಾಜೇಶ್ವರಿ ಬಿಡುವಿದ್ದಾಗ ಅದರಲ್ಲಿ ತನ್ನ ಓಣಿಯ ಅಂಗಡಿಗಳನ್ನೆಲ್ಲ ಹುಡುಕಿ ನೋಡುತ್ತಿದ್ದಳು. ಹಾಗೆ ನೋಡುವಾಗ ಒಂದು ದಿನ ಎದ್ದು ಓಡಿಬಂದಳು.

"ಕಾಕಾ, ನಿಮ್ಮ ಅಂಗಡಿ ಸಿಂದಗ್ಯಾಗ ಐತಂತ!"

ಶ್ರೀಶೈಲಪ್ಪ ಬೋಲ್ಟು ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. "ಹೌದೇನವಾ? ಮತ್ತ ನಾ ಈಗ ಎಲ್ಲಿ ಕುಂತೇನಿ?"

"ಚಾಷ್ಟಿ ಅಲ್ರೀ. ಬಿಜಾಪುರದವ್ರು ವ್ಯಾಪಾರಿಗಳ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ಕೂಡಿಸಿ ಒಂದು ಪುಸ್ತಕ ಮಾಡಿದ್ರಲ್ಲ, ಅದರಾಗ ಸಿಂದಗಿ ಸ್ಪ್ರೇ ಪಂಪ್ ರಿಪೇರಿ, ಹುಲ್ಲಿನ ಬಜಾರ, ಸಿಂದಗಿ ಅಂತ ಅಚ್ಚಾಗೈತಿ. ಅದನ್ನ ನೋಡಿ ಇಂಟರ್ನೆಟ್‌ದಾಗ ಹಾಕ್ಯಾರ. ಫೋನ್ ಮಾಡಿ ಕೇಳಿದ್ರ ವಿಳಾಸ ಹೇಳೋ ಮಂದೀನೂ ಅದನ್ನ ಹೇಳಾಕತ್ತಾರ. ಅವ್ರಿಗೆ ಇಂಡಿ ಅಂತ ಬರಕೊಟ್ಟಿದ್ರಿಲ್ಲೋ?"

ಬರೆದುಕೊಟ್ಟಿರಲಿಲ್ಲ. ಪುಸ್ತಕದವರು ಬಂದು ಚೀಟಿ ಕೊಟ್ಟಾಗ ಶ್ರೀಶೈಲಪ್ಪ ಅಂಗಡಿಯ ಹೆಸರು, ಬಜಾರಿನ ಹೆಸರು, ಫೋನ್ ನಂಬರು ಬರೆದಿದ್ದ. ಊರಿನ ಜಾಗ ಖಾಲಿ ಬಿಟ್ಟಿದ್ದ. ಇಂಡಿಯಲ್ಲಿ ಕೂತು ಇಂಡಿ ಎಂದು ಬರೆಯುವುದು ಅವನಿಗೆ ದಡ್ಡತನವಾಗಿ ಕಂಡಿತ್ತು. ಪುಸ್ತಕದವರು ಹೆಸರಿನಲ್ಲಿದ್ದ ಊರನ್ನೇ ಊರಿನ ಜಾಗಕ್ಕೆ ತುಂಬಿಕೊಂಡರು. ಅದೂ ಸಾಲದೆಂಬಂತೆ, ಆಮೇಲೆ ಅವನು ಇಂಡಿಯ ಹುಲ್ಲಿನ ಬಜಾರ ಬಿಟ್ಟು ಅಗರಖೇಡ ರಸ್ತೆಗೆ ಅಂಗಡಿ ಸರಿಸಿದ್ದ, ಹಳೆಯ ಫೋನ್ ತೆಗೆಸಿ ಮೊಬೈಲ್ ಹಿಡಿದಿದ್ದ. ಯಾರಿಗೂ ತಿಳಿಸಿರಲಿಲ್ಲ.

"ಇರ್ಲಿ ಬಿಡವಾ," ಎಂದ. "ಇಂಡ್ಯಾಗ ಇಳದು ಕೂಸಿನ್ನ ಕೇಳಿದ್ರೂ ನನ್ನ ಅಂಗಡಿ ತೋರಸ್ತದ. ಆ ಕಂಪ್ಯೂಟರ್ ನಂಬಿ ಯಾರ ಪಂಪ್ ತರ್ತಾರ?"

"ಇಂಡ್ಯಾಗ ಇಳದ್ರ ತೋರಸ್ತಾರ್ರೀ ಕಾಕಾ. ಸಿಂದಗ್ಯಾಗ ಇಳದವ್ರಿಗೆ?"

ಮಧ್ಯಾಹ್ನದ ಬುತ್ತಿ ತಂದಿದ್ದ ಹೆಂಡತಿ ಬಾಳಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಆಕಿ ಹೇಳೋದು ಖರೆ ಐತಿ," ಎಂದಳು. "ಮಗಳ ಮದಿವಿ ಕಾರ್ಡಿನ್ಯಾಗ ಬ್ಯಾರೆ ಊರ ಹಾಕ್ಸಿದ್ರ ಅಕ್ಕಿಕಾಳ್ಹಾಕಾಕ ಯಾರ ಬರ್ತಿದ್ರು? ನೀವು ನಾನು ಇಬ್ಬರ ಕುಂದ್ರತಿದ್ವಿ."

"ಮದಿವಿ ಬ್ಯಾರೆ, ಪಂಪ್ ಬ್ಯಾರೆ," ಎಂದು ಶ್ರೀಶೈಲಪ್ಪ ಬುತ್ತಿ ಬಿಚ್ಚಿದ. ಮಾತು ಅಲ್ಲಿಗೇ ನಿಂತಿತು.

ಅಕ್ಟೋಬರ್ ಬಂತು. ದ್ರಾಕ್ಷಿ ಬೆಳೆಯುವವರಿಗೆ ಈ ತಿಂಗಳು ಎದೆ ಡವಡವ ಎನ್ನುವ ತಿಂಗಳು. ಬಳ್ಳಿ ಚಾಟಣಿ ಮಾಡಿ, ಅಂದರೆ ಕತ್ತರಿಸಿ ಸವರಿ, ಹೊಸ ಚಿಗುರು ಬಂದು, ಎಳೆಯ ಗೊಂಚಲು ಆಗಷ್ಟೇ ಕಣ್ಣು ಬಿಡುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಮಳೆ ಬಿದ್ದು ಮೋಡ ಕವಿದರೆ ಡೌನಿ ರೋಗ ಬರುತ್ತದೆ. ಎಲೆಯ ಹಿಂದೆ ಬಿಳಿ ಬೂಜು ಕಟ್ಟುತ್ತದೆ, ಗೊಂಚಲು ಕಪ್ಪಾಗಿ ಉದುರುತ್ತದೆ. ಮಳೆ ನಿಂತ ಕೂಡಲೇ ಔಷಧ ಹೊಡೆದವರ ಬೆಳೆ ಉಳಿಯುತ್ತದೆ. ನಾಳೆ ನೋಡೋಣ ಎಂದವರಿಗೆ ನೋಡಲು ಏನೂ ಇರುವುದಿಲ್ಲ.

ಚಡಚಣದ ಹತ್ತಿರ ಇಂದುಬಾಯಿ ಎಂಬ ಹೆಣ್ಣುಮಗಳ ದ್ರಾಕ್ಷಿ ತೋಟವಿತ್ತು. ಗಂಡ ತೀರಿಕೊಂಡ ಮೇಲೆ ಚಾಟಣಿಯಿಂದ ಹಿಡಿದು ಮಾರಾಟದವರೆಗೆ ಎಲ್ಲವನ್ನೂ ತಾನೇ ಕಲಿತು, ತೋಟವನ್ನು ಒಂದು ಎಲೆ ಬಾಡದಂತೆ ಕಾಯ್ದವಳು. ಮೂರು ದಿನ ಮೋಡ ಮುಸುಕಿ ರಾತ್ರಿ ಮಳೆ ಬಿತ್ತು. ಬೆಳಗ್ಗೆ ಬಿಸಿಲು ಬಿದ್ದದ್ದೇ ಇಂದುಬಾಯಿ ಔಷಧ ಕಲಸಿ ಪಂಪು ಚಾಲೂ ಮಾಡಿದಳು. ಪಂಪು ಗೊರ ಗೊರ ಎಂದಿತೇ ಹೊರತು ನೀರು ಏರಿಸಲಿಲ್ಲ. ಅಕ್ಕಪಕ್ಕದ ತೋಟದವರನ್ನು ಕೇಳೋಣವೆಂದರೆ ಅಂದು ಎಲ್ಲರೂ ತಮ್ಮ ತಮ್ಮ ತೋಟಕ್ಕೆ ಹೊಡೆಯುತ್ತಿದ್ದರು. ಯಾರ ಪಂಪಿಗೂ ಬಿಡುವಿರಲಿಲ್ಲ.

ಗೊಬ್ಬರದಂಗಡಿಯವರು, "ಸಿಂದಗಿ ಶ್ರೀಶೈಲಪ್ಪನ ಕಡೆ ಒಯ್ರಿ, ಕುಂತಲ್ಲೇ ಮಾಡಿಕೊಡ್ತಾನ," ಎಂದರು. ಇಂದುಬಾಯಿ ಜಾಣೆ. ಕೇಳಿದ್ದನ್ನೇ ನಂಬಿ ಹೊರಡಲಿಲ್ಲ. ಚಡಚಣದ ಫೋನ್ ಬೂತಿಗೆ ಹೋಗಿ ಇಂಟರ್ನೆಟ್ಟಿನಲ್ಲಿ ನೋಡಿಸಿದಳು. ಅಲ್ಲೂ ಸಿಂದಗಿ ಎಂದೇ ಇತ್ತು. ಎರಡೂ ಕಡೆ ಒಂದೇ ಊರು ಹೇಳಿದ ಮೇಲೆ ಅನುಮಾನ ಪಡಲು ಏನಿದೆ? ನಂಬರಿಗೆ ಫೋನ್ ಮಾಡಿದಳು, ಹತ್ತಲಿಲ್ಲ. ಮಳೆಗೆ ಲೈನ್ ಹೋಗಿರಬೇಕು ಎಂದುಕೊಂಡು, ಪಂಪಿನ ತಲೆ ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿ ಬಸ್ ಹತ್ತಿದಳು.

ಬಸ್ಸು ಇಂಡಿಯಲ್ಲಿ ಚಹಾಕ್ಕೆ ನಿಂತಿತು. ಇಂದುಬಾಯಿ ಗೋಣಿಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ಅಲ್ಲಿಂದ ಒಂದು ಕೂಗಳತೆಯಲ್ಲಿ ಶ್ರೀಶೈಲಪ್ಪ ಕೆಲಸವಿಲ್ಲದೆ ಅಂಗಡಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ಯಾರನ್ನಾದರೂ ಕೇಳಿದ್ದರೆ ತೋರಿಸುತ್ತಿದ್ದರು. ಸಿಂದಗಿಗೆ ಹೋಗುವವಳು ಇಂಡಿಯಲ್ಲಿ ಯಾಕೆ ಕೇಳುತ್ತಾಳೆ? ಬಸ್ಸು ಹೊರಟಿತು, ಅವಳೂ ಹೋದಳು.

ಸಿಂದಗಿಯಲ್ಲಿ ಆ ಭಾರದ ಚೀಲ ಹೊತ್ತು ಹುಲ್ಲಿನ ಬಜಾರ ಎಲ್ಲಿ ಎಂದು ಕೇಳುತ್ತ ತಿರುಗಿದಳು. ಒಬ್ಬರು ಅತ್ತ ಎಂದರು, ಒಬ್ಬರು ಇತ್ತ ಎಂದರು, ಮತ್ತೊಬ್ಬರು ಅಂಥದ್ದು ಇಲ್ಲಿಲ್ಲ ಎಂದರು. ಕಡೆಗೆ ದಸ್ತಗೀರಸಾಬ ಎಂಬ ಹಾರ್ಡ್‌ವೇರ್ ಅಂಗಡಿಯ ಹಿರಿಯರು ಕರೆದು ಕೂರಿಸಿ ನೀರು ಕೊಟ್ಟರು.

"ಪಂಪಿನ ಸಿಂದಗಿ ಶ್ರೀಶೈಲಪ್ಪನ್ನ ಹುಡುಕಾಕತ್ತೀಯೇನವಾ?"

"ಹೌದ್ರಿ. ಎಲ್ಲೈತ್ರಿ ಅಂಗಡಿ?"

"ಅಯ್ಯ ತಂಗಿ, ಅವ್ರು ಇರೋದು ಇಂಡ್ಯಾಗ! ಸಿಂದಗಿ ಅನ್ನೋದು ಅವ್ರ ಅಡ್ಡಹೆಸರು. ಹಿಂಗ ಬಂದವ್ರಾಗ ನೀನ ಮೊದಲ್ನೇಕಿ ಅಲ್ಲ. ಹೋದವಾರ ಮುದ್ದೇಬಿಹಾಳದಿಂದ ಇಬ್ಬರು ಬಂದಿದ್ರು. ಇಲ್ಲಿಲ್ಲ ಅಂದ ಕೂಡ್ಲೆ ಬೈದು ಹಿಂದಕ್ಕ ಹೋದ್ರು."

ಇಂದುಬಾಯಿ ಬಯ್ಯಲಿಲ್ಲ, ಅಳಲೂ ಇಲ್ಲ. ಚೀಲ ಹೊತ್ತು ಮತ್ತೆ ಬಸ್ ಸ್ಟ್ಯಾಂಡಿಗೆ ಬಂದಳು. ಬಂದ ದಾರಿಯಲ್ಲೇ ತಿರುಗಿ ಇಂಡಿಗೆ ಬಂದು, ಯಾರೂ ದಾರಿ ತಪ್ಪಿಸಬಾರದೆಂದು ಬೂತಿನಲ್ಲಿ ಬರೆಸಿಕೊಂಡ ಚೀಟಿ ನೋಡಿ, ಹುಲ್ಲಿನ ಬಜಾರ ಎಲ್ಲಿ ಎಂದಷ್ಟೇ ಕೇಳಿ ಅಲ್ಲಿಗೇ ಹೋದಳು. ಅಲ್ಲಿ ಈಗ ಪಾತ್ರೆ ಅಂಗಡಿ ಇತ್ತು. ಪಾತ್ರೆಯವರು ಅಗರಖೇಡ ರಸ್ತೆ ತೋರಿಸಿದರು. ಶ್ರೀಶೈಲಪ್ಪ ಶಟರ್ ಎಳೆಯಲು ಕೈ ಹಾಕಿದ್ದ, ಆಗ ಬಂದು ತಲುಪಿದಳು.

ಅವನು ಕೂಡಲೇ ಚೀಲ ಬಿಚ್ಚಿಸಿದ. ಕೆಲಸ ಮಾಡುವಾಗ ಅವನನ್ನು ನೋಡಬೇಕು! ಬೆರಳು ಪಂಪಿನ ಮೇಲೆ ಆಡುತ್ತಿದ್ದರೆ ನಟ್ಟುಗಳು ತಾವೇ ಸಡಿಲಾದಂತೆ ಕಾಣುತ್ತಿತ್ತು. ಒಳಗಿನ ಒಂದು ವಾಲ್ವ್ ಸವೆದು ಓರೆಯಾಗಿತ್ತು. ತೆಗೆದು, ಹೊಸದು ಕೂರಿಸಿ, ಎಣ್ಣೆ ಬಿಟ್ಟು ಜೋಡಿಸಿಯೇ ಬಿಟ್ಟ. ತನ್ನ ಮೋಟರಿಗೆ ಹಾಕಿ ತಿರುಗಿಸಿದರೆ ನೀರು ರಸ್ತೆಯ ಆ ಬದಿಗೆ ಚಿಮ್ಮಿತು.

"ಇಷ್ಟ ಏನ್ರಿ?" ಎಂದಳು ಇಂದುಬಾಯಿ. ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿ ಬಂತು. "ಇಷ್ಟಕ್ಕ ಮುಂಜಾನಿಂದ ತಿರಗಾಕತ್ತೇನ್ರಿ ಅಣ್ಣಾ. ಇದ ಊರ ಮ್ಯಾಲೆ ಹಾಯ್ದು ಸಿಂದಗಿಗೆ ಹೋಗಿದ್ನಿ."

ಶ್ರೀಶೈಲಪ್ಪ ಕೈಯಲ್ಲಿದ್ದ ಪಾನಾ, ಅಂದರೆ ಸ್ಪ್ಯಾನರು, ಕೆಳಗಿಟ್ಟ. ಪಕ್ಕದಲ್ಲಿ ರಾಜೇಶ್ವರಿ ನಿಂತಿದ್ದಳು. ನೋಡಿದಿರಾ ಕಾಕಾ ಎಂದು ಅವಳು ಅನ್ನಬಹುದಿತ್ತು. ಆ ಹುಡುಗಿಯ ದೊಡ್ಡ ಗುಣ ನೋಡಿ, ಅವಳು ಅನ್ನಲಿಲ್ಲ. ಒಳಗೆ ಹೋಗಿ ಇಂದುಬಾಯಿಗೆ ನೀರು ತಂದಳು.

ಚಡಚಣದ ಕಡೆಯ ಬಸ್ಸು ಹೋಗಿಬಿಟ್ಟಿತ್ತು. ಬಾಳಮ್ಮ ಇಂದುಬಾಯಿಯನ್ನು ಮನೆಗೆ ಕರೆದುಕೊಂಡು ಹೋಗಿ ಬಿಸಿ ರೊಟ್ಟಿ, ಝುಣಕ ಬಡಿಸಿದಳು. ಬೆಳಗ್ಗೆ ಮೊದಲ ಬಸ್ಸಿಗೆ ಶ್ರೀಶೈಲಪ್ಪನೂ ಹೊರಟ. "ನಾನ ಬಂದು ಜೋಡಿಸಿ ಕೊಡ್ತೇನಿ," ಎಂದ. ಕರೆಯದೆ ಅವನು ಹೀಗೆ ಹೋದದ್ದು ಅದೇ ಮೊದಲು.

ತೋಟದಲ್ಲಿ ಪಂಪು ಜೋಡಿಸಿ ಚಾಲೂ ಮಾಡಿದ ಮೇಲೆ ಶ್ರೀಶೈಲಪ್ಪ ಸಾಲುಗಳ ನಡುವೆ ನಡೆದು ನೋಡಿದ. ಮೇಲಿನ ಅರ್ಧ ತೋಟ ಹಸಿರಾಗಿತ್ತು. ನೀರು ನಿಲ್ಲುವ ಕೆಳಗಿನ ಅರ್ಧದಲ್ಲಿ ಎಲೆ ಮಗುಚಿದರೆ ಬಿಳಿ ಬೂಜು. ಒಂದು ಎಳೆಯ ಗೊಂಚಲನ್ನು ಮುಟ್ಟಿದ, ಕಾಳುಗಳು ಅಂಗೈಯೊಳಗೆ ಉದುರಿದವು. ಅಕ್ಕಪಕ್ಕದ ತೋಟಗಳಲ್ಲಿ ನಿನ್ನೆಯೇ ಔಷಧ ಬಿದ್ದಿತ್ತು, ಅವೆಲ್ಲ ನಗುನಗುತ್ತಿದ್ದವು.

"ನಿನ್ನೆ ಮಧ್ಯಾಹ್ನ ಹೊಡದಿದ್ರ?" ಎಂದು ಮೆಲ್ಲಗೆ ಕೇಳಿದ.

"ಉಳೀತಿತ್ರಿ." ಇಂದುಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಕೈಗುಣ ಭಾಳ ಛಲೋ ಐತ್ರಿ ಅಣ್ಣಾ. ಆದ್ರ ನಿಮ್ಮ ಬಾಗಲಾ ನನಗ ಸಿಗಲಿಲ್ಲ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅವನಿಗೆ ಇಂದುಬಾಯಿ ಹೇಳಿದ್ದ ಮುದ್ದೇಬಿಹಾಳದ ಆ ಇಬ್ಬರ ನೆನಪಾಯಿತು. ಅವರ ತೋಟ ಏನಾಯಿತೋ! ಅವರಂಥವರು ಇನ್ನೆಷ್ಟು ಜನರೋ!

ಇಂಡಿಗೆ ಬಂದವನೇ ಅಂಗಡಿಗೆ ಹೋಗದೆ ರಾಜೇಶ್ವರಿಯ ಬೂತಿಗೆ ಹೋದ. "ಏನ್ ಮಾಡ್ಬೇಕು ಹೇಳವಾ."

ರಾಜೇಶ್ವರಿ ಮೊದಲು ಅವನ ಕೈಗೆ ಫೋನ್ ಕೊಟ್ಟಳು. "ನೀವು ಪರ ಊರಿನವ್ರು ಅಂತ ತಿಳ್ಕೋರಿ ಕಾಕಾ. ನಿಮ್ಮ ಅಂಗಡಿ ವಿಳಾಸ ನೀವ ಕೇಳ್ರಿ."

ವಿಳಾಸ ಹೇಳುವ ನಂಬರಿಗೆ ಫೋನ್ ಹಚ್ಚಿ ಕೇಳಿದ. ಅತ್ತ ಕಡೆಯಿಂದ ಇಂಪಾದ ದನಿ, "ಹುಲ್ಲಿನ ಬಜಾರ, ಸಿಂದಗಿ," ಎಂದಿತು.

"ಅಲ್ಲಿ ಅವ್ರಿಲ್ರೀ ಅಕ್ಕಾರ!"

"ನಮ್ಮಲ್ಲಿ ಹಾಗೇ ಇದೆ ಸರ್. ನಿಮಗೆ ಹೇಗೆ ಗೊತ್ತು?"

"ಹೆಂಗ ಗೊತ್ತಂದ್ರ? ಅಂವ ನಾನ ಅದೀನ್ರೀ!" ಎಂದು ಶ್ರೀಶೈಲಪ್ಪ ಕೂಗಿದ ಕೂಗಿಗೆ ಚಹಾದಂಗಡಿಯವರು ಓಡಿಬಂದರು. ಬುತ್ತಿ ಹಿಡಿದು ಬಂದಿದ್ದ ಬಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನಗು ಮುಗಿದ ಮೇಲೆ ಕೆಲಸ ಶುರುವಾಯಿತು. ರಾಜೇಶ್ವರಿ ಒಂದು ಹಾಳೆಯ ಮೇಲೆ ಅಂಗಡಿಯ ಹೆಸರು ಬರೆದಳು. ಸಿಂದಗಿ ಎಂಬುದನ್ನು ತೆಗೆದುಬಿಡೋಣವೇ ಎಂದು ಕೇಳಿದಳು. ಶ್ರೀಶೈಲಪ್ಪ ಒಪ್ಪಲಿಲ್ಲ. "ಮುತ್ತ್ಯಾನ ಊರವಾ ಅದು. ಮಂದಿ ಬಾಯಾಗೂ ಅದ ಐತಿ."

"ಹಂಗಾದ್ರ ಇರ್ಲಿ. ಆದ್ರ ಅದರ ಬೆನ್ನಿಗೆ ಶ್ರೀಶೈಲಪ್ಪ ಅಂತ ನಿಮ್ಮ ಹೆಸರು ಬರ್ಲಿ. ಇಂಡಿ ಅನ್ನೋದು ಬೋರ್ಡಿನ್ಯಾಗ ಅಷ್ಟ ದೊಡ್ಡದಾಗಿ ಬರ್ಲಿ. ಎಲ್ಲಾ ಕಡೆ ಒಂದ ನಮೂನಿ ಇರ್ಬೇಕು ಕಾಕಾ. ಬೋರ್ಡಿನ್ಯಾಗ ಒಂದು, ಬಿಲ್ಲಿನ್ಯಾಗ ಒಂದು, ಪುಸ್ತಕದಾಗ ಇನ್ನೊಂದು ಅಂದ್ರ ನೋಡಿದವ್ರು ಎರಡು ಅಂಗಡಿ ಅದಾವ ಅನ್ಕೋತಾರ."

"ಹಳೇ ಬಜಾರದ ಹೆಸರೂ ಇರ್ಲೇನು? ಮಂದಿಗೆ ಗೊತ್ತಿರ್ತದಲ್ಲ?"

"ಬ್ಯಾಡ. ಈಗ ಎಲ್ಲಿ ಅದೀರಿ ಅದನ್ನ ಹೇಳ್ರಿ. ಗುರ್ತಿಗೆ ಬೇಕಂದ್ರ ಎದುರಿನ ನೀರಿನ ಟಾಕಿ ಬರೀರಿ. ಅದು ಎಲ್ಲಿಗೂ ಹೋಗಾಂಗಿಲ್ಲ."

ಹೀಗೆ ಸಿದ್ಧವಾಯಿತು: ಸಿಂದಗಿ ಶ್ರೀಶೈಲಪ್ಪ ಸ್ಪ್ರೇ ಪಂಪ್ ರಿಪೇರಿ, ನೀರಿನ ಟಾಕಿ ಎದುರಿಗೆ, ಅಗರಖೇಡ ರಸ್ತೆ, ಇಂಡಿ. ಕೆಳಗೆ ಈಗಿನ ಮೊಬೈಲ್ ನಂಬರು. ರಾಜೇಶ್ವರಿ ಪುಸ್ತಕದವರಿಗೆ ಬರೆದಳು, ವಿಳಾಸ ಹೇಳುವವರಿಗೆ ಫೋನ್ ಮಾಡಿದಳು, ಇಂಟರ್ನೆಟ್ಟಿನಲ್ಲಿ ಇದ್ದಬದ್ದ ಕಡೆಯೆಲ್ಲ ಹುಡುಕಿ ತಪ್ಪು ತಿಳಿಸಿದಳು. ಒಂದೇ ಸಲಕ್ಕೆ ಯಾರೂ ತಿದ್ದಲಿಲ್ಲ. ಮತ್ತೆ ಬರೆದಳು, ಮತ್ತೆ ಕೇಳಿದಳು, ಎಲ್ಲರೂ ತಿದ್ದುವವರೆಗೆ ಬೆನ್ನು ಬಿಡಲಿಲ್ಲ. ಆ ಹುಡುಗಿಯ ತಾಳ್ಮೆಗೆ ಕೈ ಮುಗಿಯಬೇಕು. ಶ್ರೀಶೈಲಪ್ಪ ತಾನೇ ಸಿಂದಗಿಗೆ ಹೋಗಿ, ದಸ್ತಗೀರಸಾಬರ ಅಂಗಡಿಯ ಗೋಡೆಗೆ ತನ್ನ ಹೊಸ ವಿಳಾಸದ ಚೀಟಿ ಅಂಟಿಸಿ ಬಂದ.

ಮಾರ್ಚಿನಲ್ಲಿ ಚಡಚಣದ ಬಸ್ಸಿನಿಂದ ಒಂದು ಬಾಕ್ಸ್ ಬಂತು. ತೆರೆದರೆ ಹೊನ್ನಿನ ಬಣ್ಣದ ದ್ರಾಕ್ಷಿ. ಉಳಿದ ಅರ್ಧ ತೋಟದ ಮೊದಲ ಹಣ್ಣನ್ನು ಇಂದುಬಾಯಿ ಕಳಿಸಿದ್ದಳು. ಬಾಕ್ಸಿನ ಮೇಲೆ ದಪ್ಪ ಅಕ್ಷರದಲ್ಲಿ ಟಾಕಿ, ರಸ್ತೆ, ಊರು ಎಲ್ಲವೂ ಸರಿಯಾಗಿತ್ತು. ಶ್ರೀಶೈಲಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡ. ಬಹಳ ಸಿಹಿ ಇತ್ತು. ಹಾಳಾದ ಇನ್ನರ್ಧದ ನೆನಪಾಗಿ ಎರಡನೆಯ ಕಾಳನ್ನು ಮರಳಿ ಬಾಕ್ಸಿನಲ್ಲಿಟ್ಟ.

ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಮಳೆ ಬಿತ್ತು. ಮರುದಿನ ಬೆಳಗ್ಗೆ ಮುದ್ದೇಬಿಹಾಳದ ಕಡೆಯ ರೈತನೊಬ್ಬ ಪಂಪು ಹೊತ್ತು ನೇರವಾಗಿ ಅಂಗಡಿಗೆ ಬಂದ. ಹಿಂದೆ ಒಮ್ಮೆ ಸಿಂದಗಿಯಿಂದ ಬೈದು ಹೋದ ಇಬ್ಬರಲ್ಲಿ ಅವನೂ ಒಬ್ಬ.

"ಬರ್ರಿ ಬರ್ರಿ. ಅಂಗಡಿ ಯಾರ ತೋರಿಸಿದ್ರು?" ಎಂದು ಶ್ರೀಶೈಲಪ್ಪ ಎಂದಿನಂತೆ ಕೇಳಿದ.

"ಯಾರೂ ತೋರಸಲಿಲ್ರಿ," ಎಂದ ಆ ರೈತ, ಪಂಪು ಕೆಳಗಿಡುತ್ತ. "ಇಂಟರ್ನೆಟ್‌ದಾಗ ಎಲ್ಲಾ ಬರದೈತಲ್ಲ, ಯಾರ್ನ ಕೇಳೋದೈತಿ? ಲಗೂ ಮಾಡಿಕೊಡ್ರಿ, ಮಧ್ಯಾಹ್ನದಾಗ ಔಷಧ ಹೊಡೀಬೇಕು."

ಕೇಳಿದವರೆಲ್ಲ ತನ್ನ ಅಂಗಡಿ ತೋರಿಸುತ್ತಾರೆಂದು ಬೀಗುತ್ತಿದ್ದ ಶ್ರೀಶೈಲಪ್ಪನಿಗೆ, ಯಾರನ್ನೂ ಕೇಳದೆ ಬಂದ ಈ ಮನುಷ್ಯನನ್ನು ನೋಡಿ ಆದ ಸಂತೋಷ ಅಷ್ಟಿಷ್ಟಲ್ಲ. ಪಕ್ಕದ ಮಳಿಗೆಗೆ ಕೇಳುವಂತೆ, "ರಾಜವ್ವಾ, ಎರಡು ಚಹಾ ಹೇಳು!" ಎಂದು ಕೂಗಿ ಪಾನಾ ಕೈಗೆತ್ತಿಕೊಂಡ. ಬಿಸಿಲೇರುವ ಮೊದಲೇ ಪಂಪು ಬಸ್ ಹತ್ತಿತು.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅಂಗಡಿ ಇಟ್ಟವರೇ, ಮನೆಯಲ್ಲೇ ರೊಟ್ಟಿ ಮಾಡಿ ಮಾರುವವರೇ, ಹೊಲಿಗೆ ಹಾಕುವವರೇ, ನಿಮ್ಮ ಓಣಿಗೆ ನೀವು ಗೊತ್ತು, ಸರಿ. ಆದರೆ ಕಷ್ಟದಲ್ಲಿದ್ದು ನಿಮ್ಮನ್ನು ಹುಡುಕುವವರು ಬೇರೆ ಓಣಿಯವರು, ಬೇರೆ ಊರಿನವರು. ಇಂದೇ ಒಂದು ಕೆಲಸ ಮಾಡಿ. ಪರ ಊರಿನವರಾಗಿ ನಿಮ್ಮ ಅಂಗಡಿಯನ್ನು ನೀವೇ ಒಮ್ಮೆ ಹುಡುಕಿ ನೋಡಿ. ಹೆಸರು, ರಸ್ತೆ, ಊರು, ಫೋನ್ ಎಲ್ಲ ಕಡೆಯೂ ಒಂದೇ ರೀತಿ ಇದೆಯೇ ನೋಡಿ, ತಪ್ಪಿದ್ದಲ್ಲಿ ತಿದ್ದಿಸಿ, ತಿದ್ದಿದರೋ ಇಲ್ಲವೋ ಎಂದು ಮತ್ತೊಮ್ಮೆ ವಿಚಾರಿಸಿ. ಅಂಗಡಿ ಸರಿಸಿದ ದಿನ, ನಂಬರು ಬದಲಿಸಿದ ದಿನ ತೆಂಗಿನಕಾಯಿ ಒಡೆಯುವುದರ ಜೊತೆಗೆ ಈ ಕೆಲಸವೂ ಆಗಲಿ.

ಗೋಣಿಚೀಲ ಹೊತ್ತ ಯಾವುದೋ ಇಂದುಬಾಯಿ ಈಗಲೇ ಬಸ್ ಹತ್ತಿರಬಹುದು. ಅವಳಿಗೆ ನಿಮ್ಮ ಬಾಗಿಲು ಸಿಗಲಿ.